ಹಾಲಿನ ನಡುವೆಯೇ ಬೆಸುಗೆ

ಮಾವಿನ ರಸ ಕುಡಿದು ಮುಗಿಸಿದ ರಟ್ಟಿನ ಡಬ್ಬಿಯನ್ನು ಎಸೆಯುವ ಮುನ್ನ ಅದರ ಮಡಿಕೆಗಳನ್ನೊಮ್ಮೆ ಬಿಡಿಸಿ ನೋಡಿ. ಬೆನ್ನಿನುದ್ದಕ್ಕೂ ಒಂದು ಬೆಸುಗೆ. ಮೇಲೊಂದು, ಕೆಳಗೊಂದು ಅಡ್ಡ ಬೆಸುಗೆ. ಕೊಳವೆ ಚುಚ್ಚುವ ಚುಕ್ಕೆಯೊಂದನ್ನು ಬಿಟ್ಟರೆ ಬಾಯಿಯೇ ಇಲ್ಲ. ಹಾಗಾದರೆ ರಸವನ್ನು ತುಂಬಿದ್ದು ಎಲ್ಲಿಂದ?

ಉತ್ತರ ಸ್ವೀಡನ್ ದೇಶದ ಲುಂಡ್ ನಗರದಲ್ಲಿದೆ. ಸ್ವೀಡನ್ನಿನ ರೂಬೆನ್ ರೌಸಿಂಗ್ ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ, ಗಿರಾಕಿಗಳು ತಾವೇ ಸಾಮಾನು ಆರಿಸಿಕೊಳ್ಳುವ ಅಂಗಡಿಗಳನ್ನು ಕಂಡರು. ಅಲ್ಲಿ ತಕ್ಕಡಿ ಹಿಡಿದು ಕಟ್ಟಿಕೊಡುವವರಿಲ್ಲ; ಎಲ್ಲವೂ ಮೊದಲೇ ಪೊಟ್ಟಣವಾಗಿ ಬರಬೇಕು. ತಾಯ್ನಾಡಿಗೆ ಮರಳಿದ ಮೇಲೆ ಪಾಲುದಾರರೊಡನೆ ಪೊಟ್ಟಣದ ಕಾರ್ಖಾನೆಯನ್ನೇ ತೆರೆದರು. ಹಿಟ್ಟು, ಸಕ್ಕರೆ ಸುಲಭವಾಗಿ ಪೊಟ್ಟಣ ಸೇರಿದವು. ಹಾಲಿನದೇ ತೊಡಕು. ಅಮೆರಿಕದ ಆಟಿಕೆ ತಯಾರಕ ಜಾನ್ ವ್ಯಾನ್ ವರ್ಮರ್ 1915ರಲ್ಲೇ ಹಾಲಿಗೆ ಮೇಣದ ಕಾಗದದ ಡಬ್ಬಿ ಮಾಡಿದ್ದರು, ನಿಜ. ಆದರೆ ಅದನ್ನು ಮೊದಲು ಮಡಿಸಿ, ಆಮೇಲೆ ತುಂಬಿ, ಕೊನೆಗೆ ಮುಚ್ಚಬೇಕಿತ್ತು.

1944ರಲ್ಲಿ ರೌಸಿಂಗರ ಪ್ರಯೋಗಾಲಯದ ತರುಣ ಎರಿಕ್ ವಾಲೆನ್‌ಬರ್ಗ್‌ಗೆ ಒಂದು ಉಪಾಯ ಹೊಳೆಯಿತು. ನೀವೂ ಮಾಡಿ ನೋಡಬಹುದು. ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಅಡ್ಡಕ್ಕೂ ಇನ್ನೊಂದನ್ನು ಉದ್ದಕ್ಕೂ ಒತ್ತಿ ಚಪ್ಪಟೆ ಮಾಡಿ. ನಾಲ್ಕು ತ್ರಿಕೋನ ಮುಖಗಳ, ಸಮೋಸವನ್ನು ಹೋಲುವ ಆಕೃತಿ ನಿಮ್ಮ ಕೈಯಲ್ಲಿರುತ್ತದೆ. ಕಾಗದ ಬಹಳ ಕಡಿಮೆ ಸಾಕು. ಗ್ರೀಕ್ ಭಾಷೆಯಲ್ಲಿ 'ಟೆಟ್ರಾ' ಎಂದರೆ ನಾಲ್ಕು. 1951ರಲ್ಲಿ ಹುಟ್ಟಿದ ಟೆಟ್ರಾ ಪ್ಯಾಕ್ ಕಂಪನಿಯ ಹೆಸರು ಬಂದದ್ದು ಇದರಿಂದಲೇ.

ಆದರೆ ಗಾಳಿ, ನೊರೆ ಉಳಿಯದಂತೆ ತುಂಬುವುದು ಹೇಗೆ? ರೌಸಿಂಗ್ ಮನೆತನದವರು ಹೇಳುತ್ತ ಬಂದಂತೆ, ದಾರಿ ತೋರಿದವರು ರೂಬೆನ್ನರ ಪತ್ನಿ ಎಲಿಸಬೆತ್. ಅವರು ನೆನೆದದ್ದು ಸಾಸೇಜ್ ಮಾಡುವ ಬಗೆಯನ್ನು. ಅಲ್ಲಿ ಉದ್ದನೆಯ ಕರುಳಿಗೆ ಮಾಂಸ ತುಂಬುತ್ತ ಹೋಗಿ ನಡುನಡುವೆ ತಿರುಚಿ ಬೇರ್ಪಡಿಸುತ್ತಾರೆ. ಹಾಲನ್ನೂ ಕೊಳವೆಗೆ ಸುರಿಯುತ್ತಲೇ ಇದ್ದು, ಹಾಲಿನ ಮಟ್ಟದ ಕೆಳಗೇ ಬೆಸೆಯಬಾರದೇಕೆ? ಬಿಸಿಗೆ ಹಾಲು ಸೀದ ವಾಸನೆ ಬಂದೀತು ಎಂದು ಗಂಡನ ಆಕ್ಷೇಪ. ಮಾಡಿ ನೋಡಿದ್ದೀರಾ ಎಂದು ಹೆಂಡತಿಯ ಪ್ರಶ್ನೆ. ಮಾಡಿ ನೋಡಿದರು, ಹಾಲು ಸೀಯಲಿಲ್ಲ. ಯಂತ್ರದ ದವಡೆಗಳು ಒತ್ತಿದಾಗ ಹಾಲು ಪಕ್ಕಕ್ಕೆ ಸರಿಯುತ್ತದೆ. ಪಾಲಿಥೀನ್ ಕ್ಷಣದಲ್ಲಿ ಕರಗಿ ಅಂಟುತ್ತದೆ. ಇಂಥ ಮೊದಲ ಯಂತ್ರ 1952ರಲ್ಲಿ ಲುಂಡ್‌ನ ಡೈರಿಗೆ ಹೋಯಿತು, ಕೆನೆ ತುಂಬಲು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಡಬ್ಬಿ ತಯಾರಾಗುವುದೂ ತುಂಬುವುದೂ ಮುಚ್ಚುವುದೂ ಒಂದೇ ಕ್ರಿಯೆ. ಖಾಲಿ ಡಬ್ಬಿ ಎಂಬುದು ಎಂದೂ ಇರುವುದೇ ಇಲ್ಲ! ಆದ್ದರಿಂದ ಒಳಗೆ ರೋಗಾಣು ಸೇರದಂತೆ ಕಾಯುವುದೂ ಸುಲಭ. ಕಾಗದದ ಸುರುಳಿಯನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ, ಬಿಸಿಗಾಳಿಯಲ್ಲಿ ಒಣಗಿಸಿ ಕೊಳವೆ ಮಾಡುತ್ತಾರೆ. ಕೆಲವೇ ಸೆಕೆಂಡು ಸುಮಾರು 137 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತಣಿಸಿದ ಹಾಲು ಅದಕ್ಕಿಳಿಯುತ್ತದೆ. ಈ ವಿಧಾನ 1961ರಲ್ಲಿ ಪ್ರದರ್ಶನಕ್ಕೆ ಬಂತು. ಸಮೋಸದ ಆಕಾರವನ್ನು ಜೋಡಿಸಿಡುವುದು ತೊಂದರೆಯಾಗಿ, 1963ರಲ್ಲಿ ಇಟ್ಟಿಗೆಯಾಕಾರ ಬಂತು.

ವಾಲೆನ್‌ಬರ್ಗರ ಉಪಾಯಕ್ಕೆ ಪೇಟೆಂಟ್ ದಾಖಲಾದದ್ದು ಮಾತ್ರ ರೌಸಿಂಗರ ಹೆಸರಿನಲ್ಲಿ. ಕಾನೂನಿಗೆ ಒಪ್ಪಿರಬಹುದು, ನನ್ನ ಮನಸ್ಸು ಒಪ್ಪುವುದಿಲ್ಲ. ಸ್ವೀಡನ್ನಿನ ತಾಂತ್ರಿಕ ವಿಜ್ಞಾನಗಳ ಅಕಾಡೆಮಿ ಅವರಿಗೆ ಚಿನ್ನದ ಪದಕ ನೀಡುವ ಹೊತ್ತಿಗೆ 1991 ಆಗಿತ್ತು.

ನಮ್ಮ ದೇಶದಲ್ಲಿ 1985ರಲ್ಲಿ ಬಂದ ಫ್ರೂಟಿ ಈ ಡಬ್ಬಿಯನ್ನು ಮನೆಮಾತಾಗಿಸಿತು. ಕರೆಂಟು ಕೈಕೊಡುವ ಊರಿನಲ್ಲೂ ತಂಗಳುಪೆಟ್ಟಿಗೆ ಇಲ್ಲದೆ ತಿಂಗಳುಗಟ್ಟಲೆ ಕೆಡದ ಹಾಲೆಂದರೆ ಸಣ್ಣ ಮಾತಲ್ಲ. ಆದರೆ ತೂಕದಲ್ಲಿ ಮುಕ್ಕಾಲು ಪಾಲು ರಟ್ಟು, ಉಳಿದದ್ದು ಪಾಲಿಥೀನ್ ಮತ್ತು ತೆಳು ಅಲ್ಯೂಮಿನಿಯಂ ಇರುವ ಈ ಪದರಗಳು ಅಷ್ಟು ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ನೀರಿನಲ್ಲಿ ಕಲಕಿದರೆ ಕಾಗದದ ನಾರು ಬೇರ್ಪಡುತ್ತದೆ. ಉಳಿದ ಎರಡು ಮಾತ್ರ ಒಂದನ್ನೊಂದು ಹಿಡಿದುಕೊಂಡೇ ಇರುತ್ತವೆ. ಅವನ್ನು ಹಾಗೆಯೇ ಬಿಸಿಯಲ್ಲಿ ಒತ್ತಿ ಚಾವಣಿಯ ಹಲಗೆಗಳನ್ನು ಮಾಡುತ್ತಾರೆ.