ಟೋನಿ ಗೆದ್ದ, ಸಿನಿಮಾ ಸೋತಿತು

ರಾಟನ್ ಟೊಮ್ಯಾಟೋಸ್ ರೇಟಿಂಗ್ ನೋಡದೆ ಸಿನಿಮಾ ಹಾಕದವರು ನಿಮ್ಮಲ್ಲಿ ತುಂಬಾ ಜನ ಇರ್ತೀರಿ. ಅಲ್ಲಿ ಶೇ 0 ಪಡೆದೇ ಹೆಸರಾದ ಒಂದು ಸಿನಿಮಾ ಇದೆ: 1983ರ 'ಸ್ಟೇಯಿಂಗ್ ಅಲೈವ್'. ತಮಾಷೆ ಏನಂದ್ರೆ ಅದು ಫ್ಲಾಪ್ ಅಲ್ಲ. ಅಮೆರಿಕದಲ್ಲೇ ಸುಮಾರು 6.5 ಕೋಟಿ ಡಾಲರ್ ಗಳಿಸಿತು. ದುಡ್ಡು ಬಂತು, ಮರ್ಯಾದೆ ಹೋಯ್ತು. ಯಾಕೆ ಅನ್ನೋದೇ ಇವತ್ತಿನ ಕತೆ.

ಇದು 1977ರ 'ಸ್ಯಾಟರ್ಡೇ ನೈಟ್ ಫೀವರ್' ಚಿತ್ರದ ಎರಡನೇ ಭಾಗ. ಮೊದಲನೆಯದನ್ನು ನೋಡದವರಿಗೂ ಬಿಳಿ ಸೂಟ್ ಹಾಕ್ಕೊಂಡು ಬೆರಳು ಮೇಲೆತ್ತಿ ನಿಂತ ಜಾನ್ ಟ್ರವೋಲ್ಟಾ ಗೊತ್ತು. ಆ ಫೋಟೊ ನೋಡಿ ಇದೇನೋ ಮಜಾ ಸಿನಿಮಾ ಅಂದುಕೊಂಡರೆ ಏಮಾರ್ತೀರಿ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಪೇಂಟ್ ಅಂಗಡಿ ಕೆಲಸದ ಹುಡುಗ ಟೋನಿ ಮನೇರೋ, ವಯಸ್ಸು 19. ಅಪ್ಪನಿಗೆ ಕೆಲಸ ಇಲ್ಲ. ಮಗನಿಗೆ ಸಂಬಳ ನಾಲ್ಕು ಡಾಲರ್ ಏರಿದರೆ ಅದನ್ನೂ ಅಪ್ಪ ಗೇಲಿ ಮಾಡ್ತಾನೆ. ವಾರಕ್ಕೊಂದು ರಾತ್ರಿ, ಡಿಸ್ಕೋ ಫ್ಲೋರ್ ಮೇಲೆ ಮಾತ್ರ ಅವನು ರಾಜ. ಕೊನೆಗೆ ಸ್ಪರ್ಧೆಯಲ್ಲಿ ಗೆಲ್ತಾನೆ. ಆದರೆ ತಮಗಿಂತ ಚೆನ್ನಾಗಿ ಕುಣಿದದ್ದು ಪೋರ್ಟೊ ರಿಕೊ ಮೂಲದ ಜೋಡಿ, ತಮಗೆ ಬಹುಮಾನ ಸಿಕ್ಕಿದ್ದು ಬಿಳಿಯರು ಅನ್ನೋ ಕಾರಣಕ್ಕೆ ಅಂತ ಅವನಿಗೆ ಗೊತ್ತಾಗುತ್ತೆ. ಬಹುಮಾನವನ್ನು ಅವರಿಗೇ ಕೊಟ್ಟುಬಿಡ್ತಾನೆ. ಅದೇ ರಾತ್ರಿ ಗೆಳೆಯನೊಬ್ಬ ಸೇತುವೆಯಿಂದ ಬಿದ್ದು ಸಾಯ್ತಾನೆ.

ಅಂದರೆ ಆ ಚಿತ್ರದಲ್ಲಿ ಕುಣಿತ ಮೇಲೇರುವ ಏಣಿ ಅಲ್ಲ, ಉಸಿರಾಡಲು ಸಿಕ್ಕ ಕಿಟಕಿ. ನನ್ನ ಪ್ರಕಾರ ಎರಡನೇ ಭಾಗ ಮರೆತದ್ದು ಇದನ್ನೇ.

ನಡುವಿನ ಆರು ವರ್ಷಗಳಲ್ಲಿ ಏನಾಯ್ತು ನೋಡಿ. ಬೀ ಜೀಸ್ ಹಾಡುಗಳಿದ್ದ ಮೊದಲ ಚಿತ್ರದ ಆಲ್ಬಂ 1978ರಲ್ಲಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ 24 ವಾರ ಮೊದಲ ಸ್ಥಾನದಲ್ಲಿತ್ತು. ಡಿಸ್ಕೋ ಹುಟ್ಟಿದ್ದು ಕಪ್ಪು, ಲ್ಯಾಟಿನೋ ಮತ್ತು ಸಲಿಂಗಿ ಸಮುದಾಯಗಳ ಕ್ಲಬ್‌ಗಳಲ್ಲಿ. ಈಗ ಅದು ಎಲ್ಲರ ಕಿವಿಗೂ ಬಿತ್ತು, ಕೆಲವರ ಕಣ್ಣಿಗೂ ಕುಕ್ಕಿತು. 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ, ರೇಡಿಯೊ ಜಾಕಿ ಸ್ಟೀವ್ ಡಾಲ್ ಮುಂದಾಳತ್ವದಲ್ಲಿ, ಜನ ತಂದ ಡಿಸ್ಕೋ ರೆಕಾರ್ಡ್‌ಗಳನ್ನು ರಾಶಿ ಹಾಕಿ ಸಿಡಿಸಿದರು. ಒಂದು ರೆಕಾರ್ಡ್ ತಂದರೆ ಟಿಕೆಟ್ ಬರೀ 98 ಸೆಂಟ್! ಜನ ಮೈದಾನಕ್ಕೆ ನುಗ್ಗಿ, ಎರಡನೇ ಪಂದ್ಯವೇ ನಡೆಯಲಿಲ್ಲ. ಇದು ಬರೀ ಸಂಗೀತದ ಜಗಳ ಅಂತ ನಾನಂತೂ ನಂಬಲ್ಲ.

ಹೀಗಾಗಿ 1983ರಲ್ಲಿ ಟೋನಿಯನ್ನು ಮತ್ತೆ ತರಬೇಕಾದರೆ ಡಿಸ್ಕೋ ಬಳಸೋ ಹಾಗಿಲ್ಲ. ಎಂಟಿವಿ ಬಂದಾಗಿತ್ತು. ಅದೇ ವರ್ಷದ 'ಫ್ಲ್ಯಾಶ್‌ಡಾನ್ಸ್' ಮ್ಯೂಸಿಕ್ ವಿಡಿಯೊ ಶೈಲಿಯಲ್ಲೇ ಗೆದ್ದಿತ್ತು. ನಿರ್ದೇಶಕ ಯಾರು ಗೊತ್ತಾ? 'ರಾಕಿ' ಖ್ಯಾತಿಯ ಸಿಲ್ವೆಸ್ಟರ್ ಸ್ಟಾಲೋನ್. ಟ್ರವೋಲ್ಟಾ ತಿಂಗಳುಗಟ್ಟಲೆ ಕಸರತ್ತು ಮಾಡಿ ಮೈ ಹುರಿಗಟ್ಟಿಸಿದರು. ಕ್ಯಾಮೆರಾಗೆ ಆ ಮೈ ಮೇಲೇ ಕಣ್ಣು. ಹಾಡುಗಳಲ್ಲಿ ಹಲವು ಸ್ಟಾಲೋನ್ ತಮ್ಮ ಫ್ರ್ಯಾಂಕ್‌ದು. ಮನೆಮಂದಿ ಸಿನಿಮಾ ಅನ್ನಿ.

ಟೋನಿ ಈಗ ಮ್ಯಾನ್‌ಹಟನ್‌ನಲ್ಲಿ ಡಾನ್ಸ್ ಪಾಠ ಮಾಡ್ತಾ, ವೇಟರ್ ಕೆಲಸ ಮಾಡ್ತಾ ಬ್ರಾಡ್‌ವೇ ನಾಟಕದಲ್ಲಿ ಅವಕಾಶ ಹುಡುಕ್ತಾನೆ. ಇದು ನಿಜಕ್ಕೂ ಒಳ್ಳೆ ವಸ್ತು. ಆಡಿಷನ್, ತಿರಸ್ಕಾರ, ಬಾಡಿಗೆ ಕಟ್ಟುವ ಚಿಂತೆ, ಎಲ್ಲಾ ಇದೆ. ಆದರೆ ಸ್ಟಾಲೋನ್ ಅದನ್ನು ಬೇಗ ದಾಟಿಬಿಡ್ತಾರೆ. ಹಳೇ ಗೆಳೆಯರಿಲ್ಲ, ಅಪ್ಪ ಇಲ್ಲ. ಅಮ್ಮ ಮಾತ್ರ ಸ್ವಲ್ಪ ಹೊತ್ತು ಬರ್ತಾಳೆ. ಕೊನೆಯ ಭಾಗವೆಲ್ಲ 'ಸೇಟನ್ಸ್ ಆ್ಯಲಿ' ಅನ್ನೋ ಶೋ: ಹೊಗೆ, ಬೆಂಕಿ, ಲೇಸರ್, ನರಕ. ಟೋನಿ ಕಲಿಸಿದ್ದನ್ನು ಬಿಟ್ಟು ತನಗೆ ಬೇಕಾದಂತೆ ಕುಣಿದು ಗೆಲ್ತಾನೆ. ಗೆಲುವಿನಲ್ಲಿ ಪಾಲು ಕೇಳೋ ಪೋರ್ಟೊ ರಿಕೊ ಜೋಡಿ ಇಲ್ಲಿಲ್ಲ.

ಎರಡನ್ನೂ ನೋಡುವುದಾದರೆ ಮೊದಲನೆಯದನ್ನು ಮೊದಲು ನೋಡಿ. ಹಿಂಸೆಯ ದೃಶ್ಯಗಳಿವೆ, ವಯಸ್ಕರಿಗೆ ಮಾತ್ರ. ಅದರ ಶುರುವಿನಲ್ಲಿ ಟೋನಿ ಕೈಯಲ್ಲಿ ಪೇಂಟ್ ಡಬ್ಬಿ ಹಿಡಿದು ಬೀದಿಯಲ್ಲಿ ಬೀಗುತ್ತಾ ನಡೀತಾನೆ. ಎರಡನೆಯದರ ಕೊನೆಯಲ್ಲೂ ಅದೇ ಹಾಡು, ಅದೇ ನಡಿಗೆ, ಈ ಸಲ ಟೈಮ್ಸ್ ಸ್ಕ್ವೇರ್‌ನಲ್ಲಿ. ಡಬ್ಬಿ ಮಾತ್ರ ಇಲ್ಲ.