ಹಚ್ಚು, ತೆಗಿ, ಆನ್, ಆಫ್: ನಮ್ಮ ಸೀಮೆಯ ಇಂಗ್ಲಿಷ್ ಪಾಠದ ಇತಿಹಾಸ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆಯ ಕಟ್ಟಡ, ಭೂದಾನಿಗಳು, ಮುಖ್ಯೋಪಾಧ್ಯಾಯರ ಪರಂಪರೆ ಇವುಗಳ ಬಗ್ಗೆ ಬರೆಯಲು ಹಿರಿಯರಿದ್ದಾರೆ. ಇದೇ ಶಾಲೆಯಲ್ಲಿ ಕಲಿತು, ಮುಂದೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದ ನನಗೆ, ಆ ವಿಷಯದ ಇತಿಹಾಸ ಬರೆಯಿರಿ ಎಂದು ಸಂಪಾದಕ ಮಂಡಳಿಯವರು ಹೇಳಿದರು. ಇಡೀ ಇಂಗ್ಲಿಷಿನ ಇತಿಹಾಸ ನನ್ನ ಕೈಗೆ ಮೀರಿದ್ದು. ಅದರ ಒಂದು ಮೂಲೆಯನ್ನಷ್ಟೇ ಹಿಡಿದುಕೊಂಡಿದ್ದೇನೆ: ಆನ್, ಆಫ್, ಅಪ್, ಡೌನ್, ಔಟ್ ಎಂಬ ಪುಟ್ಟ ಪದಗಳು. ನಮ್ಮ ಮಕ್ಕಳು ಎಡವುತ್ತಿದ್ದದ್ದು ಹೆಚ್ಚಾಗಿ ಇಲ್ಲಿಯೇ.

ಲುಕ್ ಎಂದರೆ ನೋಡು. ಲುಕ್ ಆಫ್ಟರ್ ಎಂದರೆ ಜೋಪಾನ ಮಾಡು, ಲುಕ್ ಫಾರ್ ಎಂದರೆ ಹುಡುಕು, ಲುಕ್ ಡೌನ್ ಆನ್ ಎಂದರೆ ಕೀಳಾಗಿ ಕಾಣು. ಕ್ರಿಯಾಪದ ಅದೇ, ಬಾಲ ಬದಲಾದರೆ ಅರ್ಥವೇ ಬೇರೆ. ಇಂಥವನ್ನು ಫ್ರೇಜಲ್ ವರ್ಬ್ ಎನ್ನುತ್ತಾರೆ. ಪರದೇಶದವರಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ಇದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಷ್ಟು ಹಿಂದೆಯೇ ತನ್ನ ನಿಘಂಟಿನ ಮುನ್ನುಡಿಯಲ್ಲಿ ಬರೆದಿದ್ದ. ಫ್ರೇಜಲ್ ವರ್ಬ್ ಎಂಬ ಹೆಸರು ಪುಸ್ತಕದಲ್ಲಿ ಬಂದದ್ದು ಬಹಳ ತಡವಾಗಿ, 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಅವರ ಕೃತಿಯಲ್ಲಿ. ಅಂದರೆ ನಮ್ಮ ಅಜ್ಜಂದಿರ ಕಾಲದ ಮ್ಯಾಟ್ರಿಕ್ ವಿದ್ಯಾರ್ಥಿಗಳು ಹೆಸರಿಲ್ಲದ ಭೂತದ ಜೊತೆ ಗುದ್ದಾಡುತ್ತಿದ್ದರು.

ನಮ್ಮ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿಗೆ ಸೇರಿತ್ತು. ಚಿಕ್ಕೋಡಿ, ಅಥಣಿ ಮೊದಲಿನಿಂದಲೂ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದರೆ, ರಾಯಬಾಗ 1949ರಲ್ಲಿ ವಿಲೀನವಾಗುವ ತನಕ ಕೊಲ್ಲಾಪುರ ಸಂಸ್ಥಾನದ್ದು. ಆಗ ಬಹುತೇಕರ ಓದು ಮುಲ್ಕಿ ಪರೀಕ್ಷೆಗೆ ಮುಗಿಯುತ್ತಿತ್ತು. ಮುಲ್ಕಿ ಪಾಸಾದವನಿಗೆ ತಲಾಠಿಯೋ ಮಾಸ್ತರನೋ ಆಗುವ ದಾರಿ ಇತ್ತು, ಇಂಗ್ಲಿಷ್ ಬೇಕೆಂದಿರಲಿಲ್ಲ. ಇಂಗ್ಲಿಷ್ ಶಾಲೆಗೆ ಹೋಗುವವರು ಅನುಕೂಲಸ್ಥರು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ತಳ್ಳಿತು. ಅಲ್ಲಿಂದ ಮ್ಯಾಟ್ರಿಕ್ ತನಕ ನಾಲ್ಕು ವರ್ಷ; ಅಷ್ಟರಲ್ಲಿ ಎಬಿಸಿಡಿಯಿಂದ ಹಿಡಿದು ಎಲ್ಲವೂ ಆಗಬೇಕು.

ಕಲಿಸುವ ಬಗೆ ಭಾಷಾಂತರದ್ದು. ಮರಾಠಿ ಬಲ್ಲವರ ಮನೆಗಳಲ್ಲಿ ತರ್ಖಡಕರರ ಭಾಷಾಂತರ ಪಾಠಮಾಲೆ ಇರುತ್ತಿತ್ತು. ದೊಡ್ಡ ಶಾಲೆಗಳಲ್ಲಿ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ. ಈ ರೆನ್ ಸಾಹೇಬರು ನಮ್ಮದೇ ಮುಂಬಯಿ ಇಲಾಖೆಯ ಶಿಕ್ಷಣ ಖಾತೆಯಲ್ಲಿ ಕೆಲಸ ಮಾಡಿದವರು ಎಂಬುದು ಅನೇಕರಿಗೆ ತಿಳಿಯದು. ಪುಸ್ತಕಗಳು ಕೆಟ್ಟವಲ್ಲ. ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ ಇಟ್ಟು ಲೆಕ್ಕ ಚುಕ್ತಾ ಮಾಡುವ ರೂಢಿ ಕೆಟ್ಟದ್ದಾಗಿತ್ತು. ಅಜ್ಜಿ ನನ್ನನ್ನು ಸಾಕುತ್ತಾಳೆ ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ ಲುಕ್ಸ್ ಆಫ್ಟರ್ ಬಂದರೆ, ಹುಡುಗರು "ನಮ್ಮ ಅಜ್ಜಿ ನನ್ನ ನಂತರ ನೋಡುತ್ತಾಳೆ" ಎಂದು ಬರೆಯುತ್ತಿದ್ದರು. ಇಂಥ ಉತ್ತರಪತ್ರಿಕೆಗಳನ್ನು ನಾನೂ ಸಾಕಷ್ಟು ತಿದ್ದಿದ್ದೇನೆ. ಶಿಕ್ಷಕರ ಕೋಣೆಯಲ್ಲಿ ನಗು ಬರುತ್ತಿತ್ತು. ಆದರೆ ಆ ಕೂಸಿಗೆ ನಗುವ ವಿಷಯವಾಗಿರಲಿಲ್ಲ. "ಇಂಗ್ಲಿಷ್ ಹೋತ್ರಿ ಸರ್" ಎಂದು ಫಲಿತಾಂಶದ ದಿನ ಹೇಳಿದ ಹುಡುಗಿಯರು ನಿಪ್ಪಾಣಿಯಲ್ಲಿ ತಾಯಿಯ ಪಕ್ಕ ಬೀಡಿ ಕಟ್ಟಲು ಕುಳಿತರು. ಹುಡುಗರು ಕಬ್ಬಿನ ಗ್ಯಾಂಗಿಗೋ ಇಚಲಕರಂಜಿಯ ಮಗ್ಗಕ್ಕೋ ಹೋದರು. ಉಳಿದ ಐದೂ ವಿಷಯ ಪಾಸಾಗಿರುತ್ತಿದ್ದವು.

ಸೋಜಿಗವೆಂದರೆ, ತರಗತಿಯೊಳಗೆ ಬಾರದ ಈ ಪುಟ್ಟ ಪದಗಳು ತರಗತಿಯ ಹೊರಗೆ ಓಣಿ ಓಣಿಯಲ್ಲಿ ಆಡಿಕೊಂಡಿದ್ದವು. ರಾಯಬಾಗ, ಕುಡಚಿ, ಉಗಾರ ಸ್ಟೇಷನ್ನುಗಳಲ್ಲಿ ಅಪ್ ಗಾಡಿ, ಡೌನ್ ಗಾಡಿ ಎನ್ನದವರು ಯಾರು? ಅದರಿಂದಲೇ ನಮ್ಮವರು ಹೊಸ ಕ್ರಿಯಾಪದವನ್ನೇ ಮಾಡಿಕೊಂಡರು: "ಸರ್ ದಿನಾ ಮಿರಜದಿಂದ ಅಪ್‌ಡೌನ್ ಮಾಡ್ತಾರ." ಇಂಗ್ಲೆಂಡಿನವನಿಗೆ ಹೀಗೆಂದರೆ ಸರ್ ಮೇಲಕ್ಕೂ ಕೆಳಕ್ಕೂ ಜಿಗಿಯುತ್ತಾರೆ ಎಂದುಕೊಂಡಾನು. ಬಸ್ಸಿನಲ್ಲಿ ಕಂಡಕ್ಟರರ ಹೋಲ್ಡಾನ್ ಇದೆ. 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರಖಾನೆಯ ಸುತ್ತಿನ ಊರುಗಳಲ್ಲಿ, ಓದು ಬಾರದ ಗಾಡಿಯವನೂ "ಬ್ರೇಕ್‌ಡೌನ್ ಆಗೇತಿ, ಗಾಡಿ ಪಾಳಿ ಹಚ್ಚ್ಯಾವ" ಎನ್ನುತ್ತಾನೆ. ಕಚೇರಿಗಳಲ್ಲಿ ಫೈಲನ್ನು ಸಾಹೇಬರ ಮುಂದೆ ಪುಟಪ್ ಮಾಡುತ್ತಾರೆ. ಇನ್ನು ಕೃಷ್ಣೆಯ ದಂಡೆಗೆ ಪಂಪ್‌ಸೆಟ್ ಬಂದ ಮೇಲಂತೂ ಆನ್, ಆಫ್ ಎಂಬವು ಎತ್ತು, ಬಂಡಿಯಷ್ಟೇ ನಮ್ಮವಾದವು.

ಹೊಲದ ವಸ್ತಿಯಿಂದ ಬರುತ್ತಿದ್ದ ಒಬ್ಬ ಹುಡುಗ ನೆನಪಾಗುತ್ತಾನೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಸ್ವಿಚ್ ಎಂಬುದರ ಮುಂದೆ ಏನೂ ಬರೆಯದೆ ಖಾಲಿ ಬಿಟ್ಟಿದ್ದ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದಾಗ ಏನು ಮಾಡ್ತೀಯೋ ಎಂದು ಕೇಳಿದೆ. "ಮೋಟರ್ ಆನ್ ಮಾಡ್ತೀನ್ರಿ" ಎಂದ. ಬೇಕಾದ ಉತ್ತರ ಅವನ ಬಾಯಲ್ಲೇ ಇತ್ತು. ಅದು ಇಂಗ್ಲಿಷ್ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಅಂದಿನಿಂದ ನಾನು ಪಾಠವನ್ನು ನಮ್ಮ ಮಾತಿನಿಂದಲೇ ಶುರು ಮಾಡತೊಡಗಿದೆ. ಫಳಿಯ ಮೇಲೆ ಮೊದಲು ಬರೆಯುತ್ತಿದ್ದದ್ದು ಹಚ್ಚು ಎಂಬ ಒಂದು ಪದ. ದೀಪ ಹಚ್ಚು, ಬಣ್ಣ ಹಚ್ಚು, ಸಸಿ ಹಚ್ಚು, ಟಿ.ವಿ. ಹಚ್ಚು, ಫೋನ್ ಹಚ್ಚು, ಕೆಲಸಕ್ಕೆ ಹಚ್ಚು, ಮಗನನ್ನು ಸಾಲಿಗೆ ಹಚ್ಚು. ಮಕ್ಕಳು ನಾ ಮುಂದು ತಾ ಮುಂದು ಎಂದು ಹೇಳುತ್ತಿದ್ದರು. ಒಂದೇ ಪದಕ್ಕೆ ಇಷ್ಟು ಅರ್ಥ ಹೇಗೆ ಬಂತು ಎಂದರೆ, "ಹಿಂದಿನ ಮಾತು ನೋಡಿದ್ರ ತಿಳಿತೈತ್ರಿ" ಎನ್ನುವರು. ಹಾಗಾದರೆ ಇಂಗ್ಲಿಷಿನವರ ಪುಟ್ ಕೂಡ ಹಾಗೆಯೇ, ಆದರೆ ಅದರ ಮುಂದಿನ ಮಾತು ನೋಡಬೇಕು ಎನ್ನುತ್ತಿದ್ದೆ. ಪುಟ್ ಆಫ್ ಎಂದರೆ ಮುಂದೂಡು, ಪುಟ್ ಔಟ್ ಎಂದರೆ ಆರಿಸು, ಪುಟ್ ಅವೇ ಎಂದರೆ ಎತ್ತಿಡು. ತಿಂದುಬಿಡು ಎಂಬಲ್ಲಿ ಯಾರೂ ಏನನ್ನೂ ಬಿಡುವುದಿಲ್ಲ, ಪೂರ್ತಿ ಮುಗಿಸುತ್ತಾರೆ. ಈಟ್ ಅಪ್ ಎಂಬಲ್ಲಿನ ಅಪ್ ಕೂಡ ಮೇಲಕ್ಕೆ ಹೋಗುವುದಿಲ್ಲ. ಬರೆದಿಟ್ಟುಕೋ ಎಂಬುದರಲ್ಲಿನ ಇಡುವ ಕೆಲಸವನ್ನು ರೈಟ್ ಡೌನ್ ಎಂಬುದರ ಡೌನ್ ಮಾಡುತ್ತದೆ. ಎಲ್ಲ ಕಡೆಗೂ ಹೀಗೆ ಜೋಡಿ ಕೂಡುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಗಿವ್ ಅಪ್, ಪುಟ್ ಅಪ್ ವಿತ್ ಇಂಥವನ್ನು ಕೊನೆಗೆ ಬಾಯಿಪಾಠವೇ ಮಾಡಬೇಕು.

ಉಡುಪಿನ ಮಾತಿಗೆ ಬಂದರೆ ಲೆಕ್ಕ ತಿರುಗುಮುರುಗು. ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ರುಮಾಲು ಸುತ್ತುತ್ತೇವೆ, ಹೂ ಮುಡಿಯುತ್ತೇವೆ, ಅಥಣಿಯ ಚಪ್ಪಲಿ ಮೆಟ್ಟುತ್ತೇವೆ. ಒಂದೊಂದಕ್ಕೂ ಒಂದೊಂದು ಪದ. ಇಂಗ್ಲಿಷಿನವರು ಇಷ್ಟನ್ನೂ ಪುಟ್ ಆನ್ ಎಂಬ ಒಂದರಲ್ಲೇ ಮುಗಿಸುತ್ತಾರೆ. ತೆಗೆಯುವಾಗ ಟೇಕ್ ಆಫ್. ಇದನ್ನು ಕೇಳಿದಾಗ ಹೆಣ್ಣುಮಕ್ಕಳ ಮುಖದಲ್ಲಿ ಸ್ವಲ್ಪ ಹೆಮ್ಮೆ ಕಾಣುತ್ತಿತ್ತು, "ಪಾಪ, ಅವರಿಗೆ ಅಷ್ಟ ಐತೇನ್ರಿ?" ಎಂಬಂತೆ. ಇಂಗ್ಲಿಷನ್ನು ಕರುಣೆಯಿಂದ ನೋಡುವ ಮಕ್ಕಳು ಅದಕ್ಕೆ ಅಂಜುವುದಿಲ್ಲ.

ನಿಪ್ಪಾಣಿ ಭಾಗದಲ್ಲಿ ಮನೆಮಾತು ಮರಾಠಿಯಾದ ಮಕ್ಕಳೂ ತರಗತಿಯಲ್ಲಿರುತ್ತಿದ್ದರು. ಅವರು ನಮ್ಮ ಹಚ್ಚು ಇದ್ದಲ್ಲೆಲ್ಲ ಲಾವ್ ಎನ್ನುತ್ತಾರೆ: ದಿವಾ ಲಾವ್, ರಂಗ್ ಲಾವ್, ಝಾಡ್ ಲಾವ್, ಫೋನ್ ಲಾವ್. ಗಡಿಯ ವಿಷಯದಲ್ಲಿ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ವಾದ ಇಂದಿಗೂ ನಡೆದಿದೆ. ಈ ಕ್ರಿಯಾಪದಕ್ಕೆ ಮಾತ್ರ ಯಾರೂ ಗಡಿ ಹಾಕಿಲ್ಲ. ಒಂದೇ ಪಾಠ ಎರಡೂ ಮನೆಮಾತಿನ ಮಕ್ಕಳಿಗೆ ಸಾಲುತ್ತಿತ್ತು.

ಕಲಿಸುವ ಬಗೆ ಸರಕಾರದ ಮಟ್ಟದಲ್ಲೂ ಬದಲಾಯಿತು. 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಗಿ ಶಿಕ್ಷಕರಿಗೆ ತರಬೇತಿ ಸಿಕ್ಕಿತು. ಭಾಷಾಂತರ ಬೇಡ, ಸನ್ನಿವೇಶ ತೋರಿಸಿ ವಾಕ್ಯ ಹೇಳಿಸಿ ಎಂಬುದು ಹೊಸ ಪದ್ಧತಿ. ಸ್ಟ್ಯಾಂಡ್ ಅಪ್, ಸಿಟ್ ಡೌನ್ ಚೆನ್ನಾಗಿ ಬಂದವು. ಆದರೆ ಕನ್ನಡವನ್ನು ಪೂರ್ತಿ ಬಾಗಿಲ ಹೊರಗೆ ನಿಲ್ಲಿಸಿದ್ದು ನಮ್ಮಂಥ ಹಳ್ಳಿಗಳಿಗೆ ಸರಿಹೋಗಲಿಲ್ಲ ಎಂಬುದು ನನ್ನ ಅಭಿಪ್ರಾಯ, ಒಪ್ಪದ ಸಹೋದ್ಯೋಗಿಗಳಿದ್ದಾರೆ. ಮೊದಲು ಐದನೆಯ ತರಗತಿಯಿಂದ ಇದ್ದ ಇಂಗ್ಲಿಷ್ 2007ರಿಂದ ಒಂದನೆಯ ತರಗತಿಗೇ ಬಂತು. ಈಗಿನ ಮಕ್ಕಳಿಗೆ ಲಾಗಿನ್, ಬ್ಯಾಕಪ್, 2020ರ ಲಾಕ್‌ಡೌನ್ ಎಲ್ಲ ನೀರು ಕುಡಿದಷ್ಟು ಸುಲಭ. ಆದರೂ ಬಿಟ್ಟ ಸ್ಥಳ ತುಂಬಿ ಎಂದರೆ ಕೆಲವರ ಪೆನ್ನು ಇನ್ನೂ ನಿಲ್ಲುತ್ತದೆ.

ಸಮಾರಂಭಕ್ಕೆ ಬರುವ ಹಳೆಯ ವಿದ್ಯಾರ್ಥಿಗಳು ತಾವು ಇಂಥ ವರ್ಷದ ಪಾಸೌಟ್ ಬ್ಯಾಚ್ ಎಂದು ಬೆನ್ನು ತಟ್ಟಿಕೊಳ್ಳುವುದನ್ನು ಕೇಳಿದ್ದೇನೆ. ಅವರಿಗೊಂದು ಮಾತು: ಬ್ರಿಟನ್ನಿನಲ್ಲಿ ಸೈನಿಕ ಶಾಲೆಯವರನ್ನು ಬಿಟ್ಟರೆ ಉಳಿದವರು ಪಾಸ್ ಔಟ್ ಆದರು ಎಂದರೆ ಎಚ್ಚರ ತಪ್ಪಿ ಬಿದ್ದರು ಎಂದರ್ಥ. ಆದರೆ ನಮ್ಮ ದೇಶದಲ್ಲಿ ಎಲ್ಲರಿಗೂ ತಿಳಿಯುವ ಮಾತಾದ್ದರಿಂದ ಬಿಡಬೇಕಾಗಿಲ್ಲ. ಶಾಲೆಯ ಗ್ರಂಥಾಲಯದಲ್ಲಿ ಒಂದು ವಹಿ ಇಟ್ಟಿದ್ದೇನೆ. ನಿಮ್ಮ ಊರಿನಲ್ಲಿ, ಗ್ಯಾರೇಜಿನಲ್ಲಿ, ಕಾರಖಾನೆಯಲ್ಲಿ, ತೋಟದಲ್ಲಿ ಅಪ್, ಡೌನ್, ಆನ್, ಔಟ್ ಸೇರಿಸಿ ಆಡುವ ಮಾತುಗಳನ್ನು ಅದರಲ್ಲಿ ಬರೆದು ಹೋಗಿ. ಈಗಿನ ಎಂಟನೆಯ ತರಗತಿಯ ಶಿಕ್ಷಕಿ ಅದರಿಂದಲೇ ಪಾಠ ಮಾಡುವುದಾಗಿ ಒಪ್ಪಿದ್ದಾರೆ.