ಜಾಯಿಂಟ್ ಕಟ್ಟುವ ಕೈ, ತಪ್ಪು ಹೇಳುವ ಬಾಯಿ: ವಿಮಾನ ವೈರಿಂಗ್ ತರಬೇತಿ ಮತ್ತು ವಿಜಯಪುರ ಸೀಮೆ

1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ 111 ವಿಮಾನ ಕೆನಡಾದ ನೋವಾ ಸ್ಕೋಶಿಯಾ ತೀರದ ಬಳಿ ಸಮುದ್ರಕ್ಕೆ ಬಿದ್ದು 229 ಮಂದಿ ಸತ್ತರು. ಕಾಕ್‌ಪಿಟ್‌ನ ಛಾವಣಿಯ ಮೇಲೆ ವೈರೊಂದರಲ್ಲಿ ಕಿಡಿ ಹಾರಿ, ಉಷ್ಣನಿರೋಧಕ ಹೊದಿಕೆಗೆ ಬೆಂಕಿ ತಗುಲಿತ್ತು. ಅಲ್ಲಿಯವರೆಗೆ ವೈರೆಂದರೆ ಒಮ್ಮೆ ಕೂರಿಸಿ ಮರೆಯುವ ವಸ್ತುವಾಗಿತ್ತು. 2007ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ವೈರಿಂಗನ್ನು ಎಂಜಿನ್ನಿನಂತೆಯೇ ಪ್ರತ್ಯೇಕ ವ್ಯವಸ್ಥೆಯೆಂದು ಪರಿಗಣಿಸುವ ನಿಯಮ ತಂದಿತು. ಜೊತೆಗೆ ಬಂದ ತರಬೇತಿ ಮಾರ್ಗಸೂಚಿ ಕಲಿಯುವವರನ್ನು 8 ಗುಂಪುಗಳಾಗಿ ವಿಂಗಡಿಸಿತು. ವೈರು ಮುಟ್ಟುವವರಷ್ಟೇ ಅಲ್ಲ, ಅದರ ಪಕ್ಕದಲ್ಲಿ ಡ್ರಿಲ್ ಹಾಕುವವರು, ಯೋಜನೆ ಬರೆಯುವವರು, ಪೈಲಟ್‌ಗಳು, ಕ್ಯಾಬಿನ್ ಸಿಬ್ಬಂದಿ ಕೂಡ ಅದರಲ್ಲಿದ್ದಾರೆ. ಡ್ರಿಲ್ಲಿನಿಂದ ಉದುರಿದ ಲೋಹದ ಚೂರು ವೈರಿನ ಕಂತೆಯೊಳಗೆ ಸೇರಿ, ವಿಮಾನದ ಕಂಪನಕ್ಕೆ ಅಲುಗುತ್ತ ಇನ್ಸುಲೇಶನ್ ಕೊಯ್ಯುತ್ತದೆ. ಚೂರು ಬೀಳಿಸಿದವನು ವೈರಿಂಗ್ ಕೆಲಸದವನೇ ಆಗಿರಬೇಕೆಂದಿಲ್ಲ.

ವಿಜಯಪುರಕ್ಕೆ ಈ ಚರ್ಚೆ ದೂರದ್ದಲ್ಲ. ನಗರದ ಹೊರಗೆ ಬುರಣಾಪುರದ ಬಳಿ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಎಟಿಆರ್‌ ವಿಮಾನಗಳಿಗೆಂದು ಯೋಜಿಸಿದ್ದ ರನ್‌ವೇ ಆಮೇಲೆ ಏರ್‌ಬಸ್ 320ಕ್ಕೆ ಹಿಗ್ಗಿತು. ಆದರೆ ರನ್‌ವೇ ಬಂದ ಮಾತ್ರಕ್ಕೆ ದುರಸ್ತಿಯ ಕೆಲಸ ಬರುವುದಿಲ್ಲ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ವೈರ್‌ಮನ್ ಓದಿದ ಹುಡುಗರಿಗೆ ವಿಮಾನದ ವೈರಿನ ಕಂತೆ ಹೆಣೆಯುವ ಕಾರ್ಖಾನೆಗಳು ಹೆಚ್ಚಾಗಿ ಸಿಗುವುದು ಬೆಂಗಳೂರಿನಲ್ಲಿ. ರೊಸೆಲ್ ಟೆಕ್‌ಸಿಸ್, ಸಾಸ್ಮೋಸ್ ಅಂಥವು. ಹಾಗೆ ಹೋಗುವವರು ಊರಿನಿಂದ ಯಾವ ಕೈಚಳಕ, ಯಾವ ರೂಢಿ ಹೊತ್ತೊಯ್ಯುತ್ತಾರೆ ಎಂಬುದೇ ಈ ಲೇಖನದ ವಿಷಯ.

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಬೋರ್‌ವೆಲ್ ಮೋಟರ್ ಇಳಿಸುವವರ ಕೆಲಸ ನೋಡಬೇಕು. ಕೇಬಲ್ಲಿನ ಮೂರು ಎಳೆಗಳನ್ನು ಒಂದೇ ಉದ್ದಕ್ಕೆ ಕತ್ತರಿಸುವುದಿಲ್ಲ. ಜಾಯಿಂಟುಗಳು ಅಕ್ಕಪಕ್ಕ ಬರದಂತೆ ಹಿಂದೆ ಮುಂದೆ ಮಾಡುತ್ತಾರೆ. ತಾಮ್ರವನ್ನು ಉಜ್ಜಿ, ಹೊಸೆದು, ರಬ್ಬರ್ ಟೇಪು ಎಳೆದೆಳೆದು ಸುತ್ತಿ, ಮೇಲೆ ಪಿವಿಸಿ ಟೇಪು ಬಿಗಿಯುತ್ತಾರೆ. ಒಳ್ಳೆಯ ಮಿಸ್ತ್ರಿಯಾದರೆ ಜಾಯಿಂಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿದು ನೋಡಿದ ಮೇಲೆಯೇ ಕೆಳಗೆ ಬಿಡುತ್ತಾನೆ. ಕಣ್ಣಿಗೆ ಕಾಣದ ಕಡೆ ಕೆಲಸ ಮಾಡಬೇಕಾದ ಜಾಯಿಂಟನ್ನು ಕಾಣುವಾಗಲೇ ಪರೀಕ್ಷಿಸುವ ಈ ಶಿಸ್ತು ಯಾವ ಹ್ಯಾಂಗರಿಗೂ ಕಡಿಮೆಯದಲ್ಲ. ನಮ್ಮ ಪಠ್ಯಕ್ರಮ ಇದನ್ನು ಗುರುತಿಸದೇ ಇರುವುದು ದೊಡ್ಡ ನಷ್ಟ.

ಅದೇ ತೋಟದ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಬೇರೆಯೇ ಪಾಠವಿದೆ. ತ್ರೀ ಫೇಸ್ ಕರೆಂಟು ಕೆಲವೇ ತಾಸು. ಉಳಿದ ಹೊತ್ತು, ಒಂದು ಫೇಸ್ ತಪ್ಪಿದರೆ ಮೋಟರ್ ನಿಲ್ಲಿಸುವ ಪ್ರಿವೆಂಟರನ್ನು ಬೈಪಾಸ್ ಮಾಡಿ, ಕಪಾಸಿಟರ್ ಹಾಕಿ, ಎರಡೇ ಫೇಸಿನಲ್ಲಿ ಮೋಟರ್ ಓಡಿಸುವುದುಂಟು. ಒಣಗುತ್ತಿರುವ ಬಳ್ಳಿಯ ಮುಂದೆ ನಿಂತ ರೈತನನ್ನು ದೂಷಿಸಲು ನನಗೆ ಮನಸ್ಸಿಲ್ಲ. ಆದರೆ ರಕ್ಷಣೆಯ ಸಾಧನವನ್ನೇ ಕಟ್ಟಿಹಾಕಿ, ಏನೂ ಆಗದಿದ್ದಾಗ “ನಡೀತದ ಬಿಡು” ಎನ್ನುವ ರೂಢಿ ಹದಿನೆಂಟರ ಹುಡುಗನ ಕೈಯಲ್ಲಿ ಕೂತುಬಿಡುತ್ತದೆ. 1986ರ ಚಾಲೆಂಜರ್ ಗಗನನೌಕೆಯ ದುರಂತವನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ ತೋರಿಸಿದ್ದೂ ಇದನ್ನೇ: ನಿಯಮ ಮೀರಿದ್ದು ಪದೇ ಪದೇ ದಕ್ಕಿದರೆ ಅದೇ ನಿಯಮವಾಗುತ್ತದೆ.

ವೈರಿಂಗ್ ಮತ್ತು ಕೆಲಸದ ಜಾಗದ ನಡಾವಳಿಯ ನಂಟನ್ನು ಅತ್ಯಂತ ಸ್ಪಷ್ಟವಾಗಿ ತೋರುವ ಪ್ರಕರಣ ವಿಮಾನದ್ದಲ್ಲ, ರೈಲಿನದು. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲ್ಯಾಪ್‌ಹ್ಯಾಮ್ ಜಂಕ್ಷನ್ ಬಳಿ ರೈಲು ಅಪಘಾತದಲ್ಲಿ 35 ಮಂದಿ ಸತ್ತರು. ಸಿಗ್ನಲ್ ತಂತ್ರಜ್ಞ ಹಳೆಯ ವೈರನ್ನು ಕತ್ತರಿಸಿ ಭದ್ರಪಡಿಸದೆ ಪಕ್ಕಕ್ಕೆ ಬಾಗಿಸಿ ಬಿಟ್ಟಿದ್ದ. ಅದು ಮತ್ತೆ ಹಳೆಯ ಜಾಗಕ್ಕೇ ತಗುಲಿದ್ದರಿಂದ ಕೆಂಪು ತೋರಬೇಕಾದ ಸಿಗ್ನಲ್ ಕೆಂಪು ತೋರಲಿಲ್ಲ. ಹದಿಮೂರು ವಾರಗಳಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ರಜೆ. ಬೇರೊಬ್ಬರು ವೈರು ಎಣಿಸಿ ನೋಡಬೇಕಿತ್ತು, ನೋಡಲಿಲ್ಲ. ಅವನು ವರ್ಷಗಟ್ಟಲೆ ಹಾಗೆಯೇ ಕೆಲಸ ಮಾಡುತ್ತ ಬಂದಿದ್ದ, ಯಾರೂ ತಿದ್ದಿರಲಿಲ್ಲ. ಇದನ್ನು ಕೈಯ ತಪ್ಪೆಂದರೆ ಅರ್ಧ ಸತ್ಯ ಮಾತ್ರ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2013ರಲ್ಲಿ ಜಾರಿಗೆ ತಂದ 19ನೆಯ ಅನುಬಂಧ ಸುರಕ್ಷತಾ ನಿರ್ವಹಣೆಯನ್ನು ಒಂದೆಡೆ ಕ್ರೋಡೀಕರಿಸಿತು. ಅದರ ಜೀವಾಳ ವರದಿ: ಅಪಘಾತದ್ದಲ್ಲ, ಅಪಘಾತ ಆಗದೆ ತಪ್ಪಿದ್ದರ ವರದಿ. ಇಲ್ಲಿಯೇ ನಮ್ಮ ಸೀಮೆಯ ಕಷ್ಟವಿದೆ. ಕೆಲಸ ಕಲಿಸುವ ಹಿರಿಯ ಇಲ್ಲಿ ಕಾಕಾ ಅಥವಾ ಮಾಮಾ. ಅವರ ಜಾಯಿಂಟ್ ಸಡಿಲವೆಂದು ಹೇಳುವುದು ಎದುರು ಮಾತಾಡಿದಂತೆ. ಈ ಮರ್ಯಾದೆಯನ್ನು ಕಿತ್ತೆಸೆಯಬೇಕಿಲ್ಲ. “ಕಾಕಾ, ಈ ಜಾಯಿಂಟ್ ಸಡ್ಲ ಅದರೀ, ಒಮ್ಮೆ ನೋಡ್ರಿ” ಎನ್ನುವುದರಲ್ಲಿ ಮರ್ಯಾದೆಯೂ ಉಂಟು, ಎಚ್ಚರವೂ ಉಂಟು. ಆ ಮಾತು ಸಲೀಸಾಗಿ ಬರುವಂತೆ ಅಭ್ಯಾಸ ಮಾಡಿಸುವುದು ವೈರಿನ ತುದಿಗೆ ಕನೆಕ್ಟರ್ ಬಿಗಿಯುವ ಕ್ರಿಂಪಿಂಗ್ ಕಲಿಸಿದಷ್ಟೇ ಮುಖ್ಯವಾದ ತರಬೇತಿ.

ಆದ್ದರಿಂದ ವಿಜಯಪುರದಲ್ಲಿ ವಿಮಾನ ವೈರಿಂಗ್ ಕೋರ್ಸು ಶುರುವಾದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ತನ್ನ ಕೆಟ್ಟ ಕ್ರಿಂಪನ್ನು ತಾನೇ ಗುರುತಿಸಿ ಬರೆದವನಿಗೆ ಅಂಕ ಸಿಗಬೇಕು, ಮುಚ್ಚಿಟ್ಟವನಿಗೆ ಕಳೆಯಬೇಕು. ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಪರೀಕ್ಷಿಸಿ ಸಹಿ ಹಾಕಬೇಕು. ಆ ಇನ್ನೊಬ್ಬ ಕಿರಿಯನೂ ಆಗಿರಬಹುದು. ತಪ್ಪುಗಳನ್ನು ದಾಖಲಿಸಲು ಒಂದು ವರದಿ ಪುಸ್ತಕ ಇಟ್ಟು, ಅದರ ಮೊದಲ ಪುಟವನ್ನು ಬೋಧಕರೇ ತಮ್ಮ ತಪ್ಪಿನಿಂದ ತುಂಬಬೇಕು. ವರ್ಷದ ಕೊನೆಗೆ ಆ ಪುಸ್ತಕ ಖಾಲಿ ಇದ್ದರೆ, ಆಡಳಿತ ಮಂಡಳಿ ಹೊಗಳಿಕೆ ಬರೆಯುವ ಮೊದಲು ತನಿಖೆ ನಡೆಸಬೇಕು.